ಗಾಜಿನ ಬಾಗಿಲ ಆಚೆಯ ಹೊತ್ತು

"ನಿನ್ನಪ್ಪನ ಮನೆ ಅನ್ಕೊಂಡ್ಯೇನೇ, ನುಗ್ತಾ ಇದೀಯಾ? ಗಾಡಿ ಆಚೆಗೇ ನಿಲ್ಸು."

ದೊಡ್ಡ ಡಾಕ್ಟರ ಮಾತಿಗೆ ಗಾಡಿಯಮ್ಮ ಗಾಜಿನ ಬಾಗಿಲಲ್ಲೇ ನಿಂತಳು. ತುರ್ತು ಚಿಕಿತ್ಸೆಯ ವಿಭಾಗದಲ್ಲಿ ರೋಗಿಗಳ ಗಾಡಿ ತಳ್ಳುತ್ತ ಹದಿನಾಲ್ಕು ವರ್ಷ ಸವೆಸಿದವಳಿಗೆ ಆ ಹೆಸರೇ ಅಂಟಿಕೊಂಡಿತ್ತು. ಗಾಡಿಯ ಮೇಲೆ, ಕಟ್ಟಡಕ್ಕೆ ಕಟ್ಟಿದ ಸಾರುವೆಯಿಂದ ಬಿದ್ದ ಗಾರೆ ಕೆಲಸದವನು ಹೊಟ್ಟೆ ಹಿಡಿದು ಮುದುಡಿದ್ದ. ಪಕ್ಕದಲ್ಲಿ ಅವನ ಹೆಂಡತಿ, ಕೈಯಲ್ಲಿ ಅವನ ಚಪ್ಪಲಿ.

ಒಳಗೆ ಸಂಶೋಧನೆ ನಡೆದಿತ್ತು. ಬಂದವರನ್ನು ಎಷ್ಟು ನಿಮಿಷದಲ್ಲಿ ಡಾಕ್ಟರು ನೋಡುತ್ತಾರೆಂದು ಕನ್ನಡಕದ ಹೆಂಗಸೊಬ್ಬಳು ಬರೆದುಕೊಳ್ಳುತ್ತಿದ್ದಳು. ನಿಮಿಷ ಎಣಿಸುವುದು ರೋಗಿ ಗಾಜಿನ ಬಾಗಿಲು ದಾಟಿದ ಮೇಲೆ. ಹಾಗಾಗಿ ಡಾಕ್ಟರ ಕೈ ಖಾಲಿಯಾಗುವ ತನಕ ಯಾರನ್ನೂ ದಾಟಿಸಕೂಡದೆಂದು ದೊಡ್ಡ ಡಾಕ್ಟರ ತಾಕೀತು.

ಗಾಡಿಯಮ್ಮ ಮೂರು ಸಲ ಒಳಗೆ ಹೋಗಿ ಬಂದಳು. ಮೊದಲು ಇರು ಅಂದರು, ಆಮೇಲೆ ಬೈದರು, ಮೂರನೆಯ ಸಲ ತಲೆಯನ್ನೇ ಎತ್ತಲಿಲ್ಲ. ಗಾರೆಯವನ ತುಟಿ ಬಿಳಿಚುತ್ತ ಬಂತು. ಹೆಂಡತಿ ಗಾಡಿಯಮ್ಮನ ಮುಖವನ್ನೇ ನೋಡುತ್ತಿದ್ದಳು.

ಕರೆ ಬಂದಾಗ ಹನ್ನೊಂದೂವರೆ. ಒಳಗೆ ಹೋದ ನಾಲ್ಕೇ ನಿಮಿಷಕ್ಕೆ ನೋಡಿದರು. ಎದೆ ಒತ್ತಿದರು. ಕೊನೆಗೆ ಮುಖದ ಮೇಲೆ ಬಟ್ಟೆ ಎಳೆದು, ಜಾಗ ಬೇಕೆಂದು ಗಾಡಿಯನ್ನು ಮತ್ತೆ ಆಚೆಗೇ ತಳ್ಳಿಸಿದರು.

ಏನು ಬರೆದೆ ಅಂತ ಗಾಡಿಯಮ್ಮ ಕನ್ನಡಕದವಳನ್ನು ಕೇಳಿದಳು. ನಾಲ್ಕು ನಿಮಿಷ ಅಂದಳು ಅವಳು, ಕಣ್ಣು ತಪ್ಪಿಸಿ.

"ಒಂಬತ್ತಕ್ಕೆ ಗೇಟಲ್ಲಿ ಇಳಿಸ್ಕೊಂಡಿದ್ದು ನಾನು ಕಣಮ್ಮ. ಎರಡೂವರೆ ಗಂಟೆ ಯಾವನ ಹೊಟ್ಟೆಗೆ ಹೋಯ್ತು?"

ದೊಡ್ಡ ಡಾಕ್ಟರ ಕಿವಿಗೆ ಬಿತ್ತು. "ಗಾಡಿ ತಳ್ಳೋ ಮುಂಡೆ, ನಿನಗ್ಯಾಕೆ? ಬಾಯಿ ಮುಚ್ಕೊಂಡು ತಳ್ಳು, ಇಲ್ಲಾ ಮನೆಗೆ ನಡಿ."

ಅವಳು ಮನೆಗೆ ಹೋಗಲಿಲ್ಲ. ಮೇಜಿನ ಮೇಲಿದ್ದ ದಪ್ಪ ಕರಿ ಪೆನ್ನು ಎತ್ತಿಕೊಂಡು ಹೊರಗಿನ ಬೆಂಚಿಗೆ ಬಂದಳು. ಕನ್ನಡಕದವಳು ಕಂಡೂ ತಡೆಯಲಿಲ್ಲ. ಗಾಡಿಯಮ್ಮನಿಗೆ ಅಕ್ಷರ ಬಾರದು; ಗಡಿಯಾರದ ಅಂಕಿ ಬರುತ್ತಿತ್ತು. ಜ್ವರಕ್ಕೆ ನಡುಗುತ್ತಿದ್ದ ಮುದುಕಿಯನ್ನು ಎಷ್ಟೊತ್ತಿಗೆ ಬಂದೆ ಅಂತ ಕೇಳಿ, ಮುಂಗೈ ಮೇಲೆ ದಪ್ಪಗೆ ಬರೆದಳು: ಒಂಬತ್ತು ನಲವತ್ತು. ಕಾಲು ಮುರಿದವನ ಕೈ ಮೇಲೆ ಹತ್ತು ಹದಿನೈದು.

ದೊಡ್ಡ ಡಾಕ್ಟರು ಓಡಿ ಬಂದು, ಸ್ಪಿರಿಟ್ ತಂದು ಎಲ್ಲರ ಕೈ ಒರೆಸಿ ಅಂತ ನರ್ಸಿಗೆ ಹೇಳಿದರು. ಮುದುಕಿ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡಳು. ಮುಟ್ಟಿದರೆ ಕಚ್ಚುತ್ತೇನೆ ಅಂದಳು. ನರ್ಸು ಹತ್ತಿಯುಂಡೆ ಹಿಡಿದುಕೊಂಡು ನಿಂತೇ ಇದ್ದಳು. ಬೆಂಚಿನ ಆ ತುದಿಯಲ್ಲಿ ಒಬ್ಬೊಬ್ಬರೇ ಬರೆಸಿಕೊಳ್ಳಲು ಅಂಗಿಯ ತೋಳು ಮಡಿಸತೊಡಗಿದರು.

ಗಾರೆಯವನ ಹೆಂಡತಿ ಬಟ್ಟೆಯಡಿಯಿಂದ ಗಂಡನ ಕೈಯನ್ನು ಹೊರಗೆಳೆದು, ಗಾಡಿಯಮ್ಮನ ಮುಂದೆ ಹಿಡಿದಳು.

"ಇವ್ರಿಗೂ ಬರಿ, ಅಕ್ಕ."