ಒದೆ ಬೀಳುವ ಮೊದಲೇ

ಆ ತಿಂಗಳು ಸ್ಟುಡಿಯೋದಿಂದ ಪಾಸ್‌ಪೋರ್ಟ್ ಕಚೇರಿಗೆ ಹೋದ ನಲವತ್ತಾರು ಫೋಟೋಗಳಲ್ಲಿ ಮೂವತ್ತೊಂದು ವಾಪಸ್ ಬಂದವು. ಎಲ್ಲದರ ಹಿಂದೆಯೂ ಕೆಂಪು ಶಾಯಿಯಲ್ಲಿ ಒಂದೇ ಷರಾ: 'ಕಣ್ಣು ಮುಚ್ಚಿದೆ.' ಒಂದರ ಹಿಂದೆ ಮಾತ್ರ 'ಕಣ್ಣು ಮುಚ್ಚಿದೆ, ಹಲ್ಲು ಕಚ್ಚಿದೆ' ಎಂದಿತ್ತು.

ಸ್ಟುಡಿಯೋ ಇದ್ದದ್ದು ಆ ಕಚೇರಿಯ ಎದುರಿಗೇ, ಬೀಗ ರಿಪೇರಿ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ. ಒಳಗೆ ಗಿರಾಕಿಗೊಂದು ಸ್ಟೂಲು, ಅದರ ಹಿಂದೆ ಬಿಳಿ ಪರದೆ, ಮುಂದೆ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ. ತಮ್ಮ ಕ್ಯಾಮೆರಾದ ಬಲಕ್ಕೆ ನಿಂತು, ಕೈಯಲ್ಲಿ ವೈರಿನ ಗುಂಡಿ ಹಿಡಿದು ಫೋಟೋ ತೆಗೆಯುತ್ತಿದ್ದ. ಅವನಿಗಿಂತ ಹನ್ನೊಂದು ವರ್ಷ ದೊಡ್ಡವಳಾದ ಅಕ್ಕ ಎಡಕ್ಕೆ ನಿಂತು, ಬಿಳಿ ರಟ್ಟಿನಿಂದ ಗಿರಾಕಿಯ ಮುಖಕ್ಕೆ ಬೆಳಕು ತಿರುಗಿಸುತ್ತಿದ್ದಳು. ಹತ್ತೊಂಬತ್ತು ವರ್ಷದಿಂದ ಇದೇ ಏರ್ಪಾಡು. ಆ ತಿಂಗಳಿನವರೆಗೆ, ಅಷ್ಟು ವರ್ಷದಲ್ಲಿ ವಾಪಸ್ ಬಂದ ಫೋಟೋಗಳು ಒಟ್ಟು ಒಂಬತ್ತು.

"ಊರಿನ ಜನಕ್ಕೆಲ್ಲ ಒಟ್ಟಿಗೆ ನಿದ್ದೆ ಬಂದಿದೆ ಅಂತೀಯಾ?" ಅಕ್ಕ ಮೂವತ್ತೊಂದು ಫೋಟೋಗಳನ್ನು ಕೌಂಟರಿನ ಮೇಲೆ ಹರಡಿದಳು.

"ಬಿಸಿಲು ಜಾಸ್ತಿ ಅಲ್ವಾ," ಎಂದ ತಮ್ಮ.

"ಒಳಗೆಲ್ಲಿಂದ ಬಂತೋ ಬಿಸಿಲು? ಹೋಗು, ನಿಂತ್ಕೋ. ನಂದೊಂದು ತೆಗಿ."

ಅಕ್ಕ ಸ್ಟೂಲಿನ ಮೇಲೆ ಕೂತಳು. ಗಿರಾಕಿ ಕೂರುವ ಜಾಗದಿಂದ ತಮ್ಮನ ಮುಖವನ್ನು ಅವಳು ನೋಡಿದ್ದು ಅದೇ ಮೊದಲು. ಅವನು ಎಂದಿನಂತೆ "ಒಂದು, ಎರಡು" ಎಂದ. ಎರಡು ಎಂದ ಕೂಡಲೇ ಅವನ ಬಲಭುಜ ಕಿವಿಯವರೆಗೆ ಏರಿತು. ತುಟಿ ಒಳಗೆ ಹೋಯಿತು. ಕಣ್ಣು ಬಿಗಿಯಾಗಿ ಮುಚ್ಚಿತು. ಯಾರೋ ಕಪಾಳಕ್ಕೆ ಬಾರಿಸಲು ಕೈ ಎತ್ತಿದ್ದಾರೆ ಎಂಬಂಥ ಮುಖ. ಆ ಏಟು ತನಗೂ ಬೀಳಬಹುದೆಂದು ಅಕ್ಕ ಕಣ್ಣು ಮುಚ್ಚಿದಳು. ಕ್ಯಾಮೆರಾ ಕ್ಲಿಕ್ ಎಂದಿತು.

ಫೋಟೋದಲ್ಲಿ ಅವಳ ಕಣ್ಣೂ ಮುಚ್ಚಿತ್ತು.

"ಆ ರೈಫಲ್ಲು," ಎಂದಳು.

ರೈಫಲ್ ಬಂದು ಏಳು ವಾರವಾಗಿತ್ತು. ಏಳು ಕಿಲೋ ತೂಕ, ಮೇಲೊಂದು ದುರ್ಬೀನು, ಮುಂದೆ ಎರಡು ಮಡಚುವ ಕಾಲು. ಅದರ ಒಂದೊಂದು ತೋಟೆಯೂ ಅಂಗೈ ಅಗಲಕ್ಕಿಂತ ಉದ್ದ. ಆರು ನೂರು ಮೀಟರ್ ದೂರದ ಗುರಿಯನ್ನು ಸಣ್ಣ ರೈಫಲ್‌ನಿಂದ ಹೊಡೆದು ಬೇಸತ್ತ ತಮ್ಮ, ಸಾವಿರ ಮೀಟರ್ ಹೊಡೆಯಬೇಕೆಂದು ಅದನ್ನು ತಂದಿದ್ದ. ನಳಿಗೆಯ ತುದಿಗೆ ಒಂದು ಬ್ರೇಕ್ ಇತ್ತು. ಅದು ಹೊಗೆಯನ್ನು ಪಕ್ಕಕ್ಕೆ ತಿರುಗಿಸಿ, ಭುಜಕ್ಕೆ ಬೀಳುವ ಒದೆಯನ್ನು ಅರ್ಧಕ್ಕೆ ಇಳಿಸುತ್ತಿತ್ತು. ಆದರೆ ಶೂಟಿಂಗ್ ಕ್ಲಬ್ಬಿನಲ್ಲಿ ಪಕ್ಕದ ಚಾಪೆಯ ಮೇಲೆ ಮಲಗಿ ಗುಂಡು ಹೊಡೆಯುವ ದಂತವೈದ್ಯನ ಟೋಪಿ ಆ ಗಾಳಿಗೆ ಒಂದೇ ಬೆಳಗ್ಗೆ ಮೂರು ಸಲ ಹಾರಿತು. ಮೂರನೇ ಸಲ ಅವನು ಕ್ಲಬ್ಬಿಗೆ ಲಿಖಿತ ದೂರು ಕೊಟ್ಟ. ಬ್ರೇಕ್ ಬಿಚ್ಚಬೇಕಾಯಿತು. ಅಲ್ಲಿಂದ ಪೂರ್ತಿ ಒದೆ ತಮ್ಮನ ಪಾಲಿಗೇ ಬಂತು.

ಸಂಜೆ ಪಾಸ್‌ಪೋರ್ಟ್ ಕಚೇರಿಯ ಸೂಪರಿಂಟೆಂಡೆಂಟ್ ರಸ್ತೆ ದಾಟಿ ಬಂದ. ಅವನ ಕಚೇರಿಯ ಬೋರ್ಡಿನಲ್ಲಿ ಒಪ್ಪಿಗೆ ಪಡೆದ ಮೂರು ಸ್ಟುಡಿಯೋಗಳ ಪಟ್ಟಿ ಇತ್ತು.

"ಎರಡು ವಾರ ಬಿಟ್ಟು ಸೋಮವಾರ ಹತ್ತು ಗಂಟೆಗೆ ನಾನೇ ಬರ್ತೀನಿ," ಎಂದ. "ನನ್ನ ಗುರುತಿನ ಚೀಟಿಗೂ ಹೊಸ ಫೋಟೋ ಬೇಕು. ಅದು ಸರಿಯಾಗಿ ಬಂದ್ರೆ ನಿಮ್ಮ ಹೆಸರು ಪಟ್ಟೀಲಿ ಇರುತ್ತೆ."

ಅವನು ಹೋದ ಮೇಲೆ ಅಕ್ಕ ತನ್ನ ಕಡೆಯ ಷರತ್ತು ಸೇರಿಸಿದಳು. "ಆ ಮನುಷ್ಯನ ಒಂದು ಕಣ್ಣು ಮುಚ್ಚಿದ್ರೂ ಸರಿ, ಅದೇ ಸಂಜೆ ರೈಫಲ್ ಮಾರಾಟಕ್ಕೆ. ತಿಳೀತಾ?"

"ಅಕ್ಕಾ, ಅದಕ್ಕೋಸ್ಕರ ಆರು ವರ್ಷ ಕಾದಿದೀನಿ ಕಣೇ."

"ನಾನು ನಿನಗೆ ಬುದ್ಧಿ ಬರಲಿ ಅಂತ ನಲವತ್ತೊಂದು ವರ್ಷದಿಂದ ಕಾಯ್ತಿದೀನಿ."

ಕ್ಲಬ್ಬಿನಲ್ಲಿ ಹೇಳಿಕೊಡುತ್ತಿದ್ದವರು ನರ್ಸಮ್ಮ. ಆಸ್ಪತ್ರೆಯಿಂದ ನಿವೃತ್ತರಾದವರು, ಐದಡಿ ಎತ್ತರ, ನಲವತ್ತಾರು ಕಿಲೋ. ಅದೇ ರೈಫಲ್ಲನ್ನು ಅವರು ಹೊಡೆದರೆ ಕನ್ನಡಕ ಕೂಡ ಅಲುಗುತ್ತಿರಲಿಲ್ಲ. ಆ ಭಾನುವಾರ ಅಕ್ಕನೂ ಜೊತೆಗೆ ಹೋದಳು, ಮೇಲ್ವಿಚಾರಣೆಗೆ.

ತಮ್ಮ ಹೊಡೆದ ಒಂದೇ ಗುಂಡು ನೋಡಿ ನರ್ಸಮ್ಮ ಕಾಯಿಲೆ ಹೇಳಿದರು. "ಇಪ್ಪತ್ತೆಂಟು ವರ್ಷ ಇಂಜೆಕ್ಷನ್ ಕೊಟ್ಟಿದೀನಪ್ಪಾ. ಸೂಜಿ ತಾಗೋಕೆ ಮೊದಲೇ ಅಯ್ಯಯ್ಯೋ ಅನ್ನೋರು ಇರ್ತಾರೆ ನೋಡು, ನೀನು ಆ ಜಾತಿ. ಒದೆ ಬರೋದಕ್ಕೆ ಮುಂಚೆನೇ ನೀನು ಒದೆ ತಿಂದು ಮುಗಿಸಿರ್ತೀಯ."

"ಏನು ಮಾಡ್ಲಿ?"

"ಮೊದಲು ನೆಟ್ಟಗೆ ಮಲಗು."

ತಮ್ಮ ಚಾಪೆಯ ಮೇಲೆ ಓರೆಯಾಗಿ ಮಲಗಿದ್ದ. ನರ್ಸಮ್ಮ ಅವನ ಎರಡೂ ಪಾದ ಹಿಡಿದು, ಸ್ಟ್ರೆಚರ್ ತಿರುಗಿಸುವ ಹಾಗೆ ತಿರುಗಿಸಿ ರೈಫಲ್ಲಿನ ನೇರಕ್ಕೆ ತಂದರು. "ಅದು ಯಾವ ಕಡೆ ನೋಡುತ್ತೋ ನಿನ್ನ ಬೆನ್ನುಮೂಳೆ ಆ ಕಡೆ. ಆಗ ಒದೆ ಮೈಯುದ್ದಕ್ಕೂ ಹರಿದು ಹೋಗುತ್ತೆ. ಓರೆ ಮಲಗಿದ್ರೆ ಭುಜ ಒಂದೇ ಎಲ್ಲಾ ತಿನ್ನುತ್ತೆ. ರೈಫಲ್ ಬುಡ ಭುಜಕ್ಕೆ ಅಂಟಿರಲಿ, ಕಾಗದ ತೂರೋಷ್ಟೂ ಜಾಗ ಬೇಡ. ಜಾಗ ಬಿಟ್ರೆ ತಳ್ಳೋದಿಲ್ಲ, ಗುದ್ದುತ್ತೆ. ಮೈಯನ್ನ ಸ್ವಲ್ಪ ಮುಂದಕ್ಕೆ ಒರಗಿಸು, ಅದರ ಮುಂದಿನ ಕಾಲು ನೆಲ ಕಚ್ಚಲಿ. ಗುಂಡು ಹೋದ ಮೇಲೂ ಟ್ರಿಗರ್ ಬಿಡ್ಬೇಡ, ಕಣ್ಣು ಮುಚ್ಚಬೇಡ. ಗುಂಡು ಆರು ನೂರು ಮೀಟರ್ ದಾಟಿ ಗುರಿ ಹಿಂದಿನ ಆ ದಿಬ್ಬ ಮುಟ್ಟೋಕೆ ಮುಕ್ಕಾಲು ಸೆಕೆಂಡ್ ಬೇಕು. ಅದು ಎಲ್ಲಿ ಬಿತ್ತು ಅಂತ ದುರ್ಬೀನಲ್ಲಿ ನೋಡಿ ನೀನೇ ನನಗೆ ಹೇಳ್ಬೇಕು."

ಆಮೇಲೆ ಔಷಧಿ. ನರ್ಸಮ್ಮ ಅಕ್ಕನ ಕೈಗೆ ಒಂದು ಡಬ್ಬಿ ಕೊಟ್ಟರು. ಅದರಲ್ಲಿ ಎಂಟು ನಿಜವಾದ ತೋಟೆ, ಹನ್ನೆರಡು ಮದ್ದಿಲ್ಲದ ತೋಟೆ. ಮುಟ್ಟಿದರೆ ವ್ಯತ್ಯಾಸ ಗೊತ್ತಾಗದು, ಬುಡಕ್ಕೆ ಬಳಿದ ಬಣ್ಣ ಮಾತ್ರ ಬೇರೆ. ತಮ್ಮ ಮುಖ ಅತ್ತ ತಿರುಗಿಸಬೇಕು, ಅಕ್ಕ ತನಗೆ ತೋಚಿದ್ದನ್ನು ತುಂಬಬೇಕು. ಒಳಗಿರುವುದು ಯಾವುದೆಂದು ಅವನಿಗೆ ತಿಳಿಯಬಾರದು.

ಅಕ್ಕ ಮೊದಲು ಮದ್ದಿಲ್ಲದ್ದನ್ನೇ ತುಂಬಿದಳು. ತಮ್ಮ ಟ್ರಿಗರ್ ಒತ್ತಿದ. ಟಿಕ್ ಎಂದು ಸಣ್ಣ ಸದ್ದಾಯಿತು. ಅಷ್ಟಕ್ಕೇ ಭುಜ ಜಿಗಿದು, ನಳಿಗೆ ನೆಲ ನೋಡಿತು, ಅವನ ಬಲಗಾಲು ಗಾಳಿಯಲ್ಲಿ ಎದ್ದಿತು.

"ಏನೂ ಇಲ್ಲದ್ದಕ್ಕೆ ಇಷ್ಟೊಂದಾ!" ಅಕ್ಕ ನಕ್ಕು ನಕ್ಕು ಚಾಪೆಯ ಮೇಲೆ ಕೂತಳು. "ಇನ್ನೊಂದ್ಸಲ ಮಾಡೋ, ಕಾಲು ಎತ್ತಿದ್ದು ಸರಿಯಾಗಿ ನೋಡ್ಲಿಲ್ಲ."

ಆ ದಿನ ಹನ್ನೆರಡರಲ್ಲಿ ಹನ್ನೊಂದು ಸಲ ಅವನು ಬೆಚ್ಚಿದ. ಹನ್ನೆರಡನೆಯದಕ್ಕೆ ಬೆಚ್ಚದಿದ್ದದ್ದು ಸೀನು ಬಂದದ್ದರಿಂದ. ವಾರವಿಡೀ ಅವನು ಮನೆಯ ಹಜಾರದಲ್ಲಿ ಖಾಲಿ ರೈಫಲ್ಲಿನ ನಳಿಗೆಯ ಮೇಲೆ ಅಂಗಿಯ ಗುಂಡಿಯೊಂದನ್ನು ಇಟ್ಟು, ಅದು ಬೀಳದಂತೆ ಟ್ರಿಗರ್ ಒತ್ತುವುದನ್ನು ಕಲಿತ. ಅಕ್ಕ ಅವನನ್ನು ದಾಟಿಕೊಂಡು ಅಡುಗೆಮನೆಗೆ ಹೋಗುತ್ತಿದ್ದಳು. ಒಮ್ಮೆ ಬೇಕೆಂದೇ ಪಾತ್ರೆ ಬೀಳಿಸಿದಳು. ಗುಂಡಿ ಬೀಳಲಿಲ್ಲ.

ಎರಡನೆಯ ಭಾನುವಾರ ಹನ್ನೆರಡು ಸುಳ್ಳು ತೋಟೆಗಳಲ್ಲಿ ಒಂದಕ್ಕೂ ನಳಿಗೆ ಅಲುಗಲಿಲ್ಲ. ನಿಜವಾದ ಎಂಟೂ ಹಾರಿದಾಗ ತಮ್ಮ ದುರ್ಬೀನಿನಿಂದ ಕಣ್ಣು ತೆಗೆಯದೆ ವರದಿ ಒಪ್ಪಿಸಿದ: "ಬಲಕ್ಕೆ ಒಂದು ಗೇಣು... ನಡುವೆ... ನಡುವೆ... ಸ್ವಲ್ಪ ಕೆಳಗೆ."

"ವಾಸಿಯಾಯ್ತು," ಎಂದರು ನರ್ಸಮ್ಮ.

ಅಲ್ಲಿಗೆ ಮನೆಗೆ ಹೊರಟಿದ್ದರೆ ಈ ಕಥೆ ಇಲ್ಲೇ ಮುಗಿಯುತ್ತಿತ್ತು.

"ಕೊಡಿ ಇತ್ಲಾಗೆ," ಎಂದಳು ಅಕ್ಕ. "ಇವನನ್ನ ಹಿಡಿದಿದ್ದ ಭೂತ ಎಂಥದ್ದು ಅಂತ ನಾನೂ ನೋಡ್ತೀನಿ."

"ಮೊದಲು ಸಣ್ಣ ರೈಫಲ್ಲಲ್ಲಿ ಹೊಡೀರಿ," ಎಂದರು ನರ್ಸಮ್ಮ.

"ನನಗೀಗ ಐವತ್ತೆರಡು. ಸಣ್ಣದರಿಂದ ಶುರು ಮಾಡೋಕೆ ಟೈಮೆಲ್ಲಿದೆ?"

ನರ್ಸಮ್ಮ ಅವಳ ಕಿವಿಗೆ ಮುಚ್ಚಳ ಹಾಕಿ, ದುರ್ಬೀನಿಗೂ ಕಣ್ಣಿಗೂ ನಾಲ್ಕು ಬೆರಳು ಅಂತರ ಅಳೆದು ಕೊಟ್ಟರು. ಉಳಿದದ್ದನ್ನೆಲ್ಲ ಅಕ್ಕ ತನ್ನ ಇಷ್ಟದಂತೆ ಮಾಡಿದಳು. ಸೋಫಾದ ಮೇಲೆ ಒರಗಿದಂತೆ ಓರೆಯಾಗಿ ಮಲಗಿದಳು. ದೂರವಿದ್ದರೆ ಕಡಿಮೆ ತಾಗೀತೆಂದು ಕೊನೆಯ ಗಳಿಗೆಯಲ್ಲಿ ಭುಜವನ್ನು ಎರಡು ಇಂಚು ಹಿಂದಕ್ಕೆ ಎಳೆದುಕೊಂಡಳು. ಗುಂಡು ಹಾರಿತು. ಅಕ್ಕನೂ ಚಾಪೆಯ ಮೇಲೆ ಕಾಲು ಭಾಗ ಸುತ್ತು ತಿರುಗಿದಳು. ಅವಳ ತಲೆಯ ಕ್ಲಿಪ್ಪು ದಂತವೈದ್ಯನ ಟೋಪಿಯೊಳಗೆ ಬಿತ್ತು.

"ಏನೂ ಆಗ್ಲಿಲ್ಲ," ಎಂದಳು ಅಕ್ಕ, ಯಾರೂ ಕೇಳದಿದ್ದರೂ. "ಕೈ ಜಾರ್ತು ಅಷ್ಟೇ. ಇನ್ನೊಂದು."

ಎರಡನೆಯದಕ್ಕೂ ಕೈ ಜಾರಿತು. ಮೂರನೆಯ ಸಲ ಮೊದಲು ಅಕ್ಕ ಕಿರುಚಿದ್ದು ಕೇಳಿಸಿತು, ಆಮೇಲೆ ಗುಂಡಿನ ಸದ್ದು. ನರ್ಸಮ್ಮ ರೈಫಲ್ ಎತ್ತಿಟ್ಟರು. ಮನೆಗೆ ಬರುವ ದಾರಿಯುದ್ದಕ್ಕೂ ಅಕ್ಕ ಭುಜ ಮುಟ್ಟಿಕೊಳ್ಳಲಿಲ್ಲ. ಮುಟ್ಟಿಕೊಳ್ಳದಿರಲು ಅವಳು ಪಡುತ್ತಿದ್ದ ಪಾಡು ತಮ್ಮನಿಗೆ ಕಾಣುತ್ತಿತ್ತು. ಅವನು ಕಿಟಕಿಯಾಚೆ ನೋಡಿದ.

ಸೋಮವಾರ ಹತ್ತಕ್ಕೆ ಸರಿಯಾಗಿ ಸೂಪರಿಂಟೆಂಡೆಂಟ್ ಸ್ಟೂಲಿನ ಮೇಲೆ ಕೂತು, ಕಾಲರ್ ಸರಿಮಾಡಿಕೊಂಡ. ತಮ್ಮ ಬಲಕ್ಕೆ ನಿಂತ, ಅಕ್ಕ ರಟ್ಟು ಹಿಡಿದು ಎಡಕ್ಕೆ. ತಮ್ಮನ ಬೆರಳು ಗುಂಡಿಯ ಮೇಲಿತ್ತು. ಭುಜ ಸಡಿಲ, ಕಣ್ಣು ತೆರೆದಿತ್ತು. ಉಸಿರು ಅರ್ಧ ಬಿಟ್ಟು ನಿಲ್ಲಿಸಿದ.

"ಒಂದು, ಎರಡು."

ಕ್ಲಿಕ್.

ಕ್ಯಾಮೆರಾದ ಪರದೆಯ ಮೇಲೆ ಮೂಡಿದ ಸೂಪರಿಂಟೆಂಡೆಂಟ್‌ನ ಎರಡೂ ಕಣ್ಣು ಮುಚ್ಚಿದ್ದವು. ಗದ್ದ ಕುತ್ತಿಗೆಯೊಳಗೆ ಹೋಗಿತ್ತು.

"ನೋಡಿದ್ಯಾ!" ಅಕ್ಕ ರಟ್ಟನ್ನು ಕೆಳಗಿಟ್ಟಳು. "ಇವತ್ತು ಸಂಜೆಗೇ ಕಳಿಸ್ತೀನಿ ಅದನ್ನ. ಎಷ್ಟು ಹೇಳಿದ್ರೂ..."

ತಾನು ಬೆಚ್ಚಲಿಲ್ಲವೆಂದು ತಮ್ಮನಿಗೆ ಗೊತ್ತಿತ್ತು. ಅದಕ್ಕೆ ಸಾಕ್ಷಿ ಯಾರು?

"ಅವರಲ್ಲ ಮೇಡಂ," ಎಂದ ಸೂಪರಿಂಟೆಂಡೆಂಟ್.

"ಏನಂದ್ರಿ?"

"ಅವರು ಗೋಡೆ ಥರ ನಿಂತಿದ್ರು. ನೀವು ಮುಖ ಹಿಂಡಿದ್ರಿ. ರಟ್ಟು ಎದೆಗವಚಿಕೊಂಡು ಹಿಂದಕ್ಕೆ ಹಾರಿದ್ರಿ. ನನ್ನ ಹಿಂದೆ ಏನೋ ಬೀಳ್ತಾ ಇದೆ ಅಂದ್ಕೊಂಡೆ."

"ನಾನಾ? ಹಾರಿದ್ನಾ?"

"ಎರಡಡಿ," ಎಂದ ಸೂಪರಿಂಟೆಂಡೆಂಟ್. ಕಚೇರಿಯ ಕೆಲಸದಲ್ಲೂ ಅವನು ಅಳತೆ ತಪ್ಪುವವನಲ್ಲ.

ಅಕ್ಕ ಕೆಳಗೆ ನೋಡಿದಳು. ಎಂದೂ ಮೀರದಿರಲೆಂದು ತಾನೇ ನೆಲಕ್ಕೆ ಅಂಟಿಸಿದ್ದ ಕಪ್ಪು ಟೇಪಿನ ಗುರುತಿನಿಂದ ಅವಳ ಚಪ್ಪಲಿ ಎರಡಡಿ ಹಿಂದಿತ್ತು.

ರಟ್ಟನ್ನು ಕುರ್ಚಿಗೆ ಕಟ್ಟಿದರು. ಅಕ್ಕ ಪ್ರಿಂಟರಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. "ಒಂದು, ಎರಡು" ಎಂದಾಗ ಆ ಬಾಗಿಲ ಹಿಂದಿನಿಂದ ಕಾಗದದ ಕಟ್ಟು ಬಿದ್ದ ಸದ್ದು ಬಂತು. ಸೂಪರಿಂಟೆಂಡೆಂಟ್ ಆ ಕಡೆ ನೋಡಲಿಲ್ಲ. ಫೋಟೋದಲ್ಲಿ ಕಣ್ಣೆರಡೂ ತೆರೆದಿದ್ದವು, ಕಿವಿಯೆರಡೂ ಕಾಣುತ್ತಿದ್ದವು, ಮುಖದಲ್ಲಿ ಯಾವ ಭಾವವೂ ಇರಲಿಲ್ಲ. ಅವನು ತೃಪ್ತಿಯಿಂದ ತಲೆಯಾಡಿಸಿ ರಸ್ತೆ ದಾಟಿದ.

ಅಕ್ಕ ಬಾಗಿಲು ತೆರೆದು ಬಂದು ಪ್ರಿಂಟುಗಳನ್ನು ಕತ್ತರಿಸತೊಡಗಿದಳು. ಕತ್ತರಿ ಸದ್ದು ಮಾಡಿದಾಗಲೆಲ್ಲ ಅವಳ ಭುಜ ಒಂದಿಷ್ಟು ಏರುತ್ತಿತ್ತು.

"ಅಕ್ಕಾ, ರೈಫಲ್ಲು..." ಎಂದ ತಮ್ಮ.

"ಮಾರೋ ಹಾಗಿಲ್ಲ," ಎಂದಳು ಅವಳು, ತಲೆಯೆತ್ತದೆ. "ಅದನ್ನ ಮಾರಿದ್ರೆ ನನಗೆ ವಾಸಿಯಾಗೋದು ಹೇಗೆ?"

ಮುಂದಿನ ಐದು ಭಾನುವಾರ ತಮ್ಮನಿಗೆ ಒಂದು ಗುಂಡೂ ಹಾರಿಸಲು ಸಿಗಲಿಲ್ಲ. ಅವನು ಡಬ್ಬಿ ಹಿಡಿದು ಅಕ್ಕನ ಪಕ್ಕ ಕೂತು, ಅವಳು ಮುಖ ತಿರುಗಿಸಿದಾಗ ತೋಟೆ ತುಂಬುತ್ತಿದ್ದ. ನಗಬಾರದೆಂದು ನರ್ಸಮ್ಮ ಅವನಿಗೆ ಮೊದಲೇ ಎಚ್ಚರಿಕೆ ಕೊಟ್ಟಿದ್ದರು.