ಇಲಿಯ ತಲೆಯಾಡಿಸಿದ ನಾನು ಜೆಟ್ ಏರಿದ್ದು

ನಾನು ಒಂದು ಸರ್ವೋ. ಬೆಂಕಿಪೆಟ್ಟಿಗೆಯ ಅರ್ಧದಷ್ಟಿದ್ದೇನೆ. ತೂಕ ಒಂಬತ್ತು ಗ್ರಾಂ. ನೀಲಿ ಪ್ಲಾಸ್ಟಿಕ್ಕಿನ ಮೈ. ಹೊಟ್ಟೆಯೊಳಗೆ ಶೇಂಗಾ ಬೀಜದಷ್ಟು ಮೋಟಾರು, ಅದರ ಮೇಲೆ ಹಲ್ಲಿಗೆ ಹಲ್ಲು ಕಚ್ಚಿಕೊಂಡ ಬಿಳಿ ಗಾಲಿಗಳು, ಮೇಲೆ ಒಂದು ಪುಟ್ಟ ತೋಳು. ಹಿಂದೆ ಮೂರು ತಂತಿ. ಎರಡರಲ್ಲಿ ಊಟ ಬರುತ್ತದೆ, ಮೂರನೆಯದರಲ್ಲಿ ಅಪ್ಪಣೆ ಬರುತ್ತದೆ. "ಇಷ್ಟು ತಿರುಗು, ಅಲ್ಲೇ ನಿಲ್ಲು." ನನ್ನ ಕೆಲಸ ಅಷ್ಟೇ. ಓದು ಬರಹ ನನಗೆ ಬಾರದು. ಆ ಮೂರು ತಂತಿಯ ಮಾತು ಮಾತ್ರ ಚೆನ್ನಾಗಿ ತಿಳಿಯುತ್ತದೆ.

ಇನ್ನೊಂದು ವಿಷಯ ಹೇಳಬೇಕು. ನನ್ನ ಹೊಟ್ಟೆಯ ತಳದಲ್ಲಿ ಒಂದು ಕಪ್ಪು ಪಟ್ಟಿ ಇದೆ. ತೋಳು ತಿರುಗಿದಂತೆ ಒಂದು ಸಣ್ಣ ತಗಡಿನ ಕಾಲು ಆ ಪಟ್ಟಿಯ ಮೇಲೆ ಉಜ್ಜುತ್ತ ಹೋಗುತ್ತದೆ. ನನ್ನ ತೋಳು ಎಲ್ಲಿದೆ ಎಂದು ನನಗೇ ತಿಳಿಯುವುದು ಅದರಿಂದ. ಅದು ನನ್ನ ಕಣ್ಣು ಅನ್ನಿ. ಇದನ್ನು ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಒಂದು ಗಳಿಗೆಗೆ ನಮ್ಮಂಥ ನೂರು ಜನ ಹುಟ್ಟುತ್ತಿದ್ದೆವು. ಯಾರೂ ನಮ್ಮ ಮುಖ ನೋಡಲಿಲ್ಲ, ಕಿವಿಗೆ ಹಿಡಿದು ಕೇಳಲಿಲ್ಲ. ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ತಿರುಗಿಸಿ ಚೀಲಕ್ಕೆ ಹಾಕಿದರು. ಅಗ್ಗದ ಸಾಮಾನಿಗೆ ಅಷ್ಟೇ ಉಪಚಾರ. ಹಾಗೆಂದು ನಾನು ಎಂದೂ ಕೊರಗಿದವನಲ್ಲ. ಬೆಲೆ ಹಚ್ಚುವವರು ಬೇರೆ, ಕೆಲಸ ಮಾಡುವವರು ಬೇರೆ.

ನನ್ನನ್ನು ಮೊದಲು ಕೊಂಡವನು ಗದಗಿನ ಹಿಟ್ಟಿನ ಗಿರಣಿಯ ಯಲ್ಲಪ್ಪ. ಅವರ ಓಣಿಯಲ್ಲಿ ಪ್ರತಿವರ್ಷ ಗಣಪತಿ ಕೂಡಿಸುತ್ತಾರೆ. ಆ ವರ್ಷ ಗಣಪನ ಮುಂದಿನ ಇಲಿ ತಲೆಯಾಡಿಸಬೇಕೆಂದು ಅವನಿಗೆ ಆಸೆಯಾಯಿತು. ಇಲಿಯ ಕುತ್ತಿಗೆಯೊಳಗೆ ನನ್ನನ್ನು ಕೂಡಿಸಿದ. ಹನ್ನೊಂದು ದಿನ, ಮುಂಜಾನೆಯಿಂದ ಮಂಗಳಾರತಿಯವರೆಗೆ, ಬಂದವರಿಗೆಲ್ಲ ತಲೆಯಾಡಿಸಿದೆ. "ಏ ಯವ್ವಾ, ಇಲಿ ನನಗ ಹೂಂ ಅಂತು ನೋಡ!" ಎಂದು ಒಬ್ಬ ಅಜ್ಜಿ ಮೂರು ಸಲ ತಿರುಗಿ ಬಂದು ನಿಂತಳು. ಅವಳ ಮನಸ್ಸಿನ ಬೇಡಿಕೆ ಏನಿತ್ತೋ ತಿಳಿಯದು. ಮೂರು ಸಲವೂ ಹೂಂ ಅಂದೆ.

ಗಣಪ ನೀರಿಗೆ ಹೋದ. ಹೋಗುವ ಮೊದಲು ಯಲ್ಲಪ್ಪ ನನ್ನನ್ನು ಕಿತ್ತುಕೊಂಡು ಸ್ಟೇಶನ್ ರಸ್ತೆಯ ವಾಚ್ ರಿಪೇರಿ ಅಂಗಡಿಗೆ ಒಯ್ದ. "ಪತ್ತಾರ ಕಾಕಾ, ನೀವು ಇಮಾನ ಮಾಡಾಕ ಹತ್ತೀರಂತ. ಇದು ನನ್ನ ಕಡೆ ಇದ್ರ ಹಿಟ್ಟಿನ್ಯಾಗ ಮುಚ್ಚಿ ಹೋಗತೈತಿ. ನಿಮ್ಮ ಕೈಯಾಗರ ಇರ್ಲಿ" ಎಂದು ಕೊಟ್ಟುಹೋದ.

ಮೌನೇಶ ಪತ್ತಾರರು ಆಗ ಐವತ್ತೆಂಟು ದಾಟಿದವರು. ಒಂದು ಕಣ್ಣಿಗೆ ಸದಾ ಐಗ್ಲಾಸು, ಸಣ್ಣದನ್ನು ದೊಡ್ಡದಾಗಿ ತೋರಿಸುವ ಗಾಜು. ನಲವತ್ತು ವರ್ಷ ಕೈಗಡಿಯಾರ ಬಿಚ್ಚಿದ ಕೈ. ಮೂರು ವರ್ಷದಿಂದ ಬಿಡುವಿದ್ದಾಗಲೆಲ್ಲ ಒಂದು ಜೆಟ್ ಕಟ್ಟುತ್ತಿದ್ದರು. ದೊಡ್ಡದಲ್ಲ, ನೆಲದ ಮೇಲೆ ನಿಂತು ರಿಮೋಟಿನಿಂದ ಹಾರಿಸುವ ಮಾದರಿ, ಒಂದು ಮಾರು ಉದ್ದ. ಥರ್ಮಾಕೋಲು, ತೆಳು ಕಟ್ಟಿಗೆ, ಮೇಲೆ ಬೆಳ್ಳಿ ಬಣ್ಣ. ಹೊಟ್ಟೆಯಲ್ಲಿ ಹನ್ನೆರಡು ಎಲೆಯ ಫ್ಯಾನು, ಬ್ಯಾಟರಿಯಿಂದ ತಿರುಗುವಂಥದ್ದು. ಅದು ಕೂಗಿದರೆ ಬೀದಿನಾಯಿಗಳು ಓಣಿ ಬಿಟ್ಟು ಓಡುತ್ತಿದ್ದವು.

ಜೆಟ್ಟಿಗೆ ಆರು ಸರ್ವೋ ಬೇಕು. ರೆಕ್ಕೆಗೆ ಎರಡು, ಬಾಲದ ನಿಂತ ಹಲಗೆಗೆ ಒಂದು, ಮುಂದಿನ ಚಕ್ರ ತಿರುಗಿಸಲು ಒಂದು. ಉಳಿದ ಎರಡು ಎಲಿವೇಟರಿಗೆ, ಅಂದರೆ ಬಾಲದ ಮಲಗಿದ ಹಲಗೆಗಳಿಗೆ. ವಿಮಾನದ ಮೂಗು ಏರುವುದೂ ಇಳಿಯುವುದೂ ಅವುಗಳಿಂದ. ಬೇರೆ ಯಾವುದು ಕೈಕೊಟ್ಟರೂ ಹೇಗೋ ಇಳಿಸಬಹುದು. ಎಲಿವೇಟರ್ ಕೈಕೊಟ್ಟರೆ ನೆಲವೇ ಗತಿ.

ಆ ಊರಿನಲ್ಲಿ ಮಾದರಿ ವಿಮಾನ ಹಾರಿಸುವವರಿಗೆ ಹಿರಿಯರು ಹಲ್ಲಿನ ಡಾಕ್ಟರ್ ಅರವಟಗಿ. ಪತ್ತಾರರ ಜೊತೆ ಒಂದೇ ಮಣೆಯ ಮೇಲೆ ಕೂತು ಕನ್ನಡ ಶಾಲೆ ಕಲಿತವರು. ಅವರ ಜೆಟ್ಟಿನ ಒಂದೊಂದು ಸರ್ವೋದ ಬೆಲೆಗೆ ನಮ್ಮಂಥವರು ಒಂದು ಬುಟ್ಟಿ ಬರುತ್ತಾರೆ. ಒಂದು ದಿನ ಅಂಗಡಿಗೆ ಬಂದು ನನ್ನನ್ನು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದರು.

"ಲೇ ಮೌನ್ಯಾ, ಇಲಿ ತಲಿ ಆಡ್ಸಿದ್ದನ್ನ ಜೆಟ್ಟಿಗೆ ಹಾಕ್ತೀಯೇನೋ?"

"ಗಣಪ್ಪನ ಸೇವಾ ಮಾಡಿ ಬಂದೈತಿ ಡಾಕ್ಟ್ರ. ನಿಮ್ಮವು ಯಾವ ಗುಡಿ ನೋಡ್ಯಾವ?"

ಡಾಕ್ಟರು ನಕ್ಕರು. ಆಮೇಲೆ ನಗು ನಿಂತಿತು. "ಚಾಷ್ಟಿ ಬಿಡು. ಹ್ವಾದ ವರ್ಷ ಏನಾತು ಮರತಿಯೇನು? ಇಂಥದ ಅಗ್ಗದ್ದು ಹಾಕಿದ ಜೆಟ್ಟು ಬದನಿಕಾಯಿ ಹೊಲದಾಗ ಹೊಕ್ಕಿತ್ತು. ಕಳೆ ತಗಿಯೂ ಹೆಣಮಕ್ಕಳು ಒಂದ ಗೇಣಿನ್ಯಾಗ ಉಳದ್ರು. ನಿನಗೊಂದು ಸಲ ಬಿಡ್ತೀನಿ. ಬಿತ್ತೋ, ಇನ್ನ ಮ್ಯಾಲೆ ನಮ್ಮ ಬಯಲಾಗ ಯಾರೂ ಅಗ್ಗದ ಸರ್ವೋ ಹಾಕಿ ಜೆಟ್ ಹಾರಸಂಗಿಲ್ಲ."

ಇದು ಇನ್ನು ಒಂದು ಜೆಟ್ಟಿನ ಪ್ರಶ್ನೆಯಾಗಿ ಉಳಿಯಲಿಲ್ಲ. ನಮ್ಮ ಜಾತಿಯ ಮಾನವೆಲ್ಲ ಪತ್ತಾರರ ಕೈಗೆ ಬಂತು.

ಪತ್ತಾರರು ಅವಸರದ ಮನುಷ್ಯರಲ್ಲ. ಅವರ ಅಂಗಡಿಯ ಗೋಡೆಗೆ ಮೊಳೆ ಹೊಡೆದ ಒಂದು ಹಲಗೆ ಇದೆ. ರಿಪೇರಿಯಾದ ಗಡಿಯಾರ ಎಂಟು ದಿನ ಆ ಮೊಳೆಗೆ ತೂಗಬೇಕು. ದಿನಾ ಎಷ್ಟು ಮುಂದೆ ಓಡಿತು, ಎಷ್ಟು ಹಿಂದೆ ಬಿತ್ತು ಎಂದು ನೋಡುತ್ತಾರೆ. ಗಿರಾಕಿ ಮದುವೆ ಮನೆಗೆ ಹೊರಟು ನಿಂತಿದ್ದರೂ ಎಂಟು ದಿನದ ಮೊದಲು ಕೊಡುವವರಲ್ಲ. ನಮ್ಮನ್ನೂ ಹಾಗೆಯೇ ಪರೀಕ್ಷಿಸಿದರು. ಹೊಸದಾಗಿ ಹನ್ನೊಂದು ಜನರನ್ನು ತರಿಸಿದರು. ನನ್ನನ್ನೂ ಸೇರಿಸಿ ಹನ್ನೆರಡು ಜನರನ್ನು ಒಂದು ಹಲಗೆಗೆ ಸಾಲಾಗಿ ಬಿಗಿದರು. ಒಬ್ಬೊಬ್ಬರ ತೋಳಿಗೂ ಒಂದು ಪೊರಕೆ ಕಡ್ಡಿ, ಕಡ್ಡಿಗೆ ಸೀಸದ ಗುಂಡು, ಹಿಂದೆ ಗೆರೆ ಎಳೆದ ಕಾಗದ. ಎಂಟು ದಿನ ನಾವು ಭಾರ ಎತ್ತಿದೆವು, ಇಳಿಸಿದೆವು. ದಿನಕ್ಕೆ ಮೂರು ಸಲ "ನಡುವೆ ಬಾ" ಎಂದು ಅಪ್ಪಣೆ ಕೊಟ್ಟು, ಐಗ್ಲಾಸಿನಲ್ಲಿ ನಮ್ಮ ಕಡ್ಡಿ ನಡುಗೆರೆಯ ಮೇಲೆ ನಿಂತಿದೆಯೋ ಇಲ್ಲವೋ ನೋಡುತ್ತಿದ್ದರು.

ಎರಡನೆಯ ದಿನ ಒಬ್ಬ ಸುಟ್ಟ ವಾಸನೆ ಬಿಟ್ಟು ಸತ್ತ. ನಾಲ್ಕನೆಯ ದಿನ ಇಬ್ಬರ ಹಲ್ಲು ಉದುರಿದವು. ಒಬ್ಬ ಸೊಳ್ಳೆಯಂತೆ ಸದಾ ಗುಂಯ್‌ಗುಟ್ಟುತ್ತಿದ್ದ, ಅವನನ್ನೂ ಇಳಿಸಿದರು. ಎಂಟನೆಯ ದಿನ ನಡುಗೆರೆಯ ಮೇಲೆ ಕೂದಲೆಳೆಯಷ್ಟೂ ತಪ್ಪದೆ ನಿಂತವರು ಮೂವರು. ಏಳನೆಯವನು, ಹತ್ತನೆಯವನು, ನಾನು. ನನಗೆ ಆಶ್ಚರ್ಯವಾಗಲಿಲ್ಲ. ಹನ್ನೊಂದು ದಿನ ತಲೆಯಾಡಿಸಿದಾಗಲೇ ನನ್ನ ಹಲ್ಲುಗಳು ಒಂದಕ್ಕೊಂದು ಹೊಂದಿಕೊಂಡಿದ್ದವು. ನನ್ನನ್ನೂ ಹತ್ತನೆಯವನನ್ನೂ ಎಲಿವೇಟರಿಗೆ ಆರಿಸಿದರು. ಏಳನೆಯವನನ್ನು ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟರು. ಮಿಕ್ಕವರಲ್ಲಿ ಒಳ್ಳೆಯ ನಾಲ್ವರಿಗೆ ಉಳಿದ ಜಾಗ ಸಿಕ್ಕಿತು.

ಹಾರಿಸುವುದು ರವಿವಾರ ಎಂದು ಗೊತ್ತಾಯಿತು. ಶನಿವಾರ ಮಧ್ಯಾಹ್ನ ಪತ್ತಾರರಿಗೆ ನನ್ನ ಮೇಲೆ ಪ್ರೀತಿ ಉಕ್ಕಿತು. ನನ್ನ ಮುಚ್ಚಳ ಬಿಚ್ಚಿದರು. ಗಡಿಯಾರದ ಎಣ್ಣೆಯ ಸೀಸೆ ತೆಗೆದು, ಸೂಜಿಯ ಮೊನೆಯಿಂದ ಗಾಲಿಗೊಂದೊಂದು ಹನಿ ಬಿಟ್ಟರು. ಕೊನೆಗೆ, ಇರಲಿ ಎಂದು, ಇನ್ನೊಂದು ಹನಿ. ನಲವತ್ತು ವರ್ಷ ಯಾವ ಗಾಲಿಯನ್ನೂ ಎಣ್ಣೆಯಿಲ್ಲದೆ ಬಿಟ್ಟ ಕೈಯಲ್ಲ ಅದು.

ಆ ಎಣ್ಣೆ ಬಹಳ ತೆಳು. ಎಲ್ಲಿ ಸಂದು ಇದೆಯೋ ಅಲ್ಲಿ ಹರಿಯುತ್ತದೆ. ಸರಿದು ಸರಿದು ನನ್ನ ಕಪ್ಪು ಪಟ್ಟಿಗೆ ಬಂತು. ನನ್ನ ಕಣ್ಣಿಗೆ ಪೊರೆ ಬಂದಂತಾಯಿತು. ತೋಳು ಎಲ್ಲಿದೆ ಎಂದು ಸರಿಯಾಗಿ ಕಾಣದೆ, ಅತ್ತ ಇತ್ತ ತಡಕಾಡತೊಡಗಿದೆ. ಹೊರಗಿನಿಂದ ನೋಡುವವರಿಗೆ ಅದು ಸಣ್ಣ ನಡುಕ. ನನಗೆ ಮಾತ್ರ ಗೊತ್ತಿತ್ತು, ಇದು ಆಕಾಶದಲ್ಲಿ ಏನು ಮಾಡೀತು ಎಂದು. ಹೇಳುವುದು ಹೇಗೆ? ಮೂರು ತಂತಿಯಲ್ಲಿ ಅಪ್ಪಣೆ ಬರುತ್ತದೆಯೇ ಹೊರತು, ನಮ್ಮ ಮಾತು ಹೋಗುವುದಿಲ್ಲ.

ರವಿವಾರ ಬೆಳಿಗ್ಗೆ ಊರಾಚೆಯ ಬೈಪಾಸ್ ರಸ್ತೆಗೆ ಹೋದೆವು. ಡಾಂಬರು ಹಾಕಿ ವರ್ಷವಾಗಿತ್ತು. ಉದ್ಘಾಟನೆಗೆ ದೊಡ್ಡವರ ಪುರಸೊತ್ತು ಸಿಗದೆ ಎರಡೂ ತುದಿಗೆ ಕಲ್ಲು ಅಡ್ಡ ಇಟ್ಟಿದ್ದರು. ಅದೇ ನಮ್ಮವರ ರನ್‌ವೇ. ಹದಿನೈದಿಪ್ಪತ್ತು ಜನ ಸೇರಿದ್ದರು. ಗಿರಣಿ ಯಲ್ಲಪ್ಪ ಹಿಟ್ಟು ಬಡಿದ ತಲೆಯಲ್ಲೇ ಬಂದಿದ್ದ. ಪತ್ತಾರರ ಹೆಂಡತಿ ಸರೋಜವ್ವ ಉಪ್ಪಿಟ್ಟಿನ ಡಬ್ಬಿ ಹಿಡಿದು ನಿಂತಿದ್ದರು. ಜೆಟ್ಟಿಗೆ ಕುಂಕುಮ ಹಚ್ಚಿದ್ದಾಯಿತು. ರಿಮೋಟಿನಲ್ಲಿ ಮೇಲೆ ಕೆಳಗೆ ಆಡಿಸಿ ನೋಡಿದರು. ಆಡಿದೆ. ಡಾಕ್ಟರು ನೋಡಿ "ಹೂಂ" ಅಂದರು. ಎಲ್ಲರೂ ಹಿಂದೆ ಸರಿದರು.

ಪತ್ತಾರರು ಮಾತ್ರ ಸರಿಯಲಿಲ್ಲ. ಜೆಟ್ಟಿನ ಬಾಲವನ್ನು ಎತ್ತಿ, ಕೈಗಡಿಯಾರ ಹಿಡಿದಂತೆ, ಕಿವಿಗೆ ಹಿಡಿದರು.

"ಏನ್ರೀ ಅದು, ಇಮಾನದ ಗುಟ್ಟು ಕೇಳಾಕ ಹತ್ತೀರೇನು?" ಎಂದು ಯಾರೋ ಕೂಗಿದರು. ಜನ ನಕ್ಕರು.

ಪತ್ತಾರರು ನಗಲಿಲ್ಲ. ನನ್ನ ತಡಕಾಟ ಅವರಿಗೆ ಕೇಳಿಸಿತ್ತು. ಟಿಕ್, ಟಿಕ್, ಟಿಕ್. ಬಾಲವನ್ನು ಮೆಲ್ಲಗೆ ಇಳಿಸಿ, ಬ್ಯಾಟರಿಯ ತಂತಿ ಕಿತ್ತರು.

"ಇವತ್ತು ಹಾರ್ಸೂದಿಲ್ಲ."

"ಹೇಳಿದ್ನಿಲ್ಲೋ ಮೌನ್ಯಾ? ಅಗ್ಗದ ಮಾಲು," ಎಂದರು ಡಾಕ್ಟರು.

"ಮಾಲಿಂದಲ್ಲ ತಪ್ಪು, ನಂದು. ಎಂಟು ದಿನ ಅದು ಒಂದ ಕೂದಲೆಳಿ ಅಲಗಿದ್ದಿಲ್ಲ. ನಿನ್ನೆ ನಾನ ಬಿಚ್ಚಿ ಎಣ್ಣಿ ಬಿಟ್ಟೀನಿ."

ಸರೋಜವ್ವ ಹಣೆ ಬಡಿದುಕೊಂಡರು. "ಕಂಡದ್ದಕ್ಕೆಲ್ಲ ಎಣ್ಣಿ ಬಿಡ್ತಾರ್ರೀ ಇವರು! ನಮ್ಮನಿ ಬಾಗಲಾ ಒಂದ ಸಪ್ಪಳ ಮಾಡಂಗಿಲ್ಲ. ಕಳ್ಳ ಬಂದ್ರೂ ತಿಳಿಯಂಗಿಲ್ಲ."

ಮತ್ತೆ ನಗು. ಪತ್ತಾರರು ತಲೆ ತಗ್ಗಿಸಿ ರೆಕ್ಕೆ ಬಿಚ್ಚುತ್ತಿದ್ದರು. ಅಷ್ಟು ಜನರ ಮುಂದೆ ಸುಮ್ಮನೆ ಹಾರಿಸಿಬಿಡುವುದು ಸುಲಭವಿತ್ತು. ನಾಲ್ಕು ನಿಮಿಷ ಹೇಗೋ ಹಾರಿದರೂ ಹಾರೀತು. ಅವರು ಹಾಗೆ ಮಾಡಲಿಲ್ಲ. ಡಾಕ್ಟರು ಬಗ್ಗಿ, ಅವರಿಗಷ್ಟೇ ಕೇಳುವಂತೆ ಹೇಳಿದ್ದು ನನಗೂ ಕೇಳಿಸಿತು.

"ನಾನೂ ಒಮ್ಮೆ ಒಬ್ಬಾಂವನ ಬ್ಯಾರೆ ಹಲ್ಲ ಕಿತ್ತೀನೋ. ಇವತ್ತಿನ ತನಕ ಅವಂಗ ಹೇಳಿಲ್ಲ. ನೀ ಮಂದಿ ಮುಂದ ಹೇಳಿದಿ. ಮುಂದಿನ ರವಿವಾರ ಬಾ."

ಆ ವಾರ ಏಳನೆಯವನು ನನ್ನ ಜಾಗಕ್ಕೆ ಹೋದ. ಎಣ್ಣೆಯಿಲ್ಲದೆ ಹೋದ. ನನ್ನನ್ನು ಬಿಚ್ಚಿ ಸ್ಪಿರಿಟ್ಟಿನಲ್ಲಿ ತೊಳೆದರು, ಒಣಗಿಸಿದರು, ಮೂರು ದಿನ ಹಲಗೆಗೆ ಹಾಕಿದರು. ಕಣ್ಣು ತಿಳಿಯಾಯಿತು. ಆದರೂ ಕೂದಲೆಳೆಯಷ್ಟು ವ್ಯತ್ಯಾಸ ಉಳಿಯಿತು. ಪತ್ತಾರರು ಐಗ್ಲಾಸು ತೆಗೆದು, "ನೀ ಇನ್ನ ಮುಂದ ನೆಲ ನೋಡ್ಕೋ" ಎಂದು, ಅಲ್ಲಿದ್ದವನನ್ನು ಡಬ್ಬಿಗೆ ಸರಿಸಿ, ನನ್ನನ್ನು ಮುಂದಿನ ಚಕ್ರಕ್ಕೆ ಹಾಕಿದರು. ನೆಲದ ಮೇಲೆ ಕೂದಲೆಳೆ ತಪ್ಪಿದರೆ ಯಾರೂ ಸಾಯುವುದಿಲ್ಲ. ನನಗೆ ನೋವಾಯಿತು, ಸುಳ್ಳು ಹೇಳಲಾರೆ. ಆದರೆ ನನ್ನ ಯಜಮಾನರ ಲೆಕ್ಕ ಸರಿಯಾಗಿತ್ತು. ಅಗ್ಗದವರನ್ನು ಇಟ್ಟುಕೊಳ್ಳುವ ವಿದ್ಯೆಯೇ ಅದು. ಯಾರಿಗೆ ಎಷ್ಟು ಆಗುತ್ತದೆ ಎಂದು ನೋಡಿ, ಅಷ್ಟೇ ಹೊರಿಸಬೇಕು.

ಎರಡನೆಯ ರವಿವಾರ ಮತ್ತೆ ಬಾಲ ಕಿವಿಗೇರಿತು. ಸದ್ದಿಲ್ಲ. ಮತ್ತೆ ಕುಂಕುಮ. ಫ್ಯಾನು ಕೂಗಿತು. ಡಾಂಬರಿನ ಮೇಲೆ ನಾನು ಗೆರೆ ಹಿಡಿದು ಓಡಿಸಿದೆ. ನೂರು ಹೆಜ್ಜೆಗೆ ಚಕ್ರ ಹಗುರಾಯಿತು, ಕೆಳಗಿನ ಸದ್ದು ನಿಂತಿತು. ಹಾರುತ್ತಿದ್ದೆವು. ನನಗೆ ಮೇಲೆ ಕೆಲಸವಿರಲಿಲ್ಲ. ಗಾಳಿಯಲ್ಲಿ ತೂಗುವ ಚಕ್ರದ ಜೊತೆ ಸುಮ್ಮನೆ ಕೂತು, ಬಾಲದಲ್ಲಿ ಏಳನೆಯವನೂ ಹತ್ತನೆಯವನೂ ದುಡಿಯುವುದನ್ನು ಮೈಯಲ್ಲೇ ತಿಳಿದುಕೊಂಡೆ. ಜೆಟ್ಟು ಏರಿತು, ಮಗುಚಿತು, ಬೆಳ್ಳಿ ಹೊಟ್ಟೆ ತೋರಿಸಿ ಜನರ ಮುಂದೆ ಹಾದುಹೋಯಿತು. ಅಲುಗಲಿಲ್ಲ, ತಡವರಿಸಲಿಲ್ಲ.

ನಾಲ್ಕನೆಯ ನಿಮಿಷಕ್ಕೆ ಇಳಿಯಬೇಕು. ಆಗ ಹೊಲದ ಕಡೆಯಿಂದ ಅಡ್ಡಗಾಳಿ ಎದ್ದಿತು. ರಸ್ತೆಯ ಬಲಕ್ಕೆ ಸಿಮೆಂಟಿನ ಡಿವೈಡರು. ಹಿಂದಿನ ಚಕ್ರಗಳು ಮೊದಲು ತಾಗಿದವು, ಆಮೇಲೆ ನನ್ನದು. ಎರಡು ಸಲ ಹಾಕಿದ ಡಾಂಬರು ಕೂಡುವಲ್ಲಿ ಒಂದು ದಿಣ್ಣೆ ಇತ್ತು. ಚಕ್ರ ಅದಕ್ಕೆ ಬಡಿದು ಬಲಕ್ಕೆ ತಿರುಚಿತು. ನನ್ನೊಳಗೆ ಚಟ್ ಎಂದಿತು. ಒಂದು ಹಲ್ಲು ಹೋಯಿತು. ಮೂಗು ಡಿವೈಡರಿನ ಕಡೆ ಹೊರಳಿತು. ಪತ್ತಾರರ ಅಪ್ಪಣೆ ಬಂತು: ಎಡಕ್ಕೆ. ಹಲ್ಲಿಲ್ಲದ ಜಾಗದಲ್ಲಿ ಗಾಲಿ ಬರಿದೆ ತಿರುಗಿತು. ಚಕ್ರ ಒಂದಿಷ್ಟು ತಾನಾಗಿ ಈಚೆ ಬಂದಾಗ ಮುಂದಿನ ಹಲ್ಲು ಸಿಕ್ಕಿತು. ಕಚ್ಚಿ ಹಿಡಿದೆ. ನಡುವೆ ಬಂದೆ, ನಡು ದಾಟಿ ಎಡಕ್ಕೆ ಎಳೆದೆ. ಡಿವೈಡರಿಗೆ ಒಂದು ಮೊಳ ಇರುವಾಗ ಜೆಟ್ಟು ನೇರವಾಗಿ, ಮೆಲ್ಲಗೆ ನಿಂತಿತು.

ಡಾಕ್ಟರು ಮೊದಲು ಬಂದು ಮಂಡಿಯೂರಿದರು. ಎಲಿವೇಟರನ್ನು ಬೆರಳಿನಿಂದ ಒತ್ತಿ ನೋಡಿದರು, ಗಟ್ಟಿಯಾಗಿ ನಿಂತಿತ್ತು. ಆಮೇಲೆ ನನ್ನ ಚಕ್ರ ಅಲುಗಿಸಿದರು. ಬಲಕ್ಕೆ ಕಡಕ್ ಅಂದಿತು.

"ಒಂದು ಹಲ್ಲ ಹೋಗೇತಿ. ಇದು ನನ್ನ ಪೇಶಂಟು," ಎಂದರು. ಎದ್ದು ನಿಂತು ಜನರ ಕಡೆ ತಿರುಗಿದರು. "ಕೇಳ್ರೆಪಾ. ಇನ್ನ ಮ್ಯಾಲೆ ಅಗ್ಗದ್ದೋ ತುಟ್ಟಿದೋ ನಾ ಕೇಳಂಗಿಲ್ಲ. ಪತ್ತಾರನ ಹಲಗಿ ಮ್ಯಾಲೆ ಎಂಟು ದಿನ ಇರಲಾರದ್ದು ಇಲ್ಲಿ ಹಾರಂಗಿಲ್ಲ."

"ನಿಮ್ಮವೂನಾ ಡಾಕ್ಟ್ರ?" ಎಂದ ಯಲ್ಲಪ್ಪ.

"ನನ್ನವೂ," ಎಂದು ಡಾಕ್ಟರು ಉಪ್ಪಿಟ್ಟಿಗೆ ಕೈಯೊಡ್ಡಿದರು.

ಆಮೇಲೆ ಬಹಳ ವರ್ಷ ಕಳೆದವು. ಆ ಬೈಪಾಸಿನಲ್ಲಿ ಈಗ ಲಾರಿಗಳು ಓಡುತ್ತವೆ. ಹಾರಿಸುವವರು ಬೇರೆ ಬಯಲು ಹುಡುಕಿಕೊಂಡಿದ್ದಾರೆ. ನಾನು ಪತ್ತಾರರ ಮೇಜಿನ ಮೇಲೆ, ಒಂದು ಹಳೆಯ ಗಡಿಯಾರದ ಗಾಜಿನ ಕೆಳಗೆ ಕೂತಿದ್ದೇನೆ. ಮುಚ್ಚಳ ತೆಗೆದಿದ್ದಾರೆ, ಹೋದ ಹಲ್ಲು ಕಾಣುತ್ತದೆ. ಸರ್ವೋ ತಂದವರಿಗೆಲ್ಲ ಮೊದಲು ನನ್ನನ್ನು ತೋರಿಸಿ, "ಇದಕ್ಕ ಎಣ್ಣಿ ಬಿಡಬ್ಯಾಡ್ರಿ, ನಾ ಬಿಟ್ಟು ಕೆಟ್ಟೀನಿ" ಎನ್ನುತ್ತಾರೆ. ಎದುರಿನ ಹಲಗೆಯ ಮೇಲೆ ತುಟ್ಟಿಯವರೂ ನಮ್ಮವರೂ ಒಂದೇ ಸಾಲಿನಲ್ಲಿ ಸೀಸದ ಗುಂಡು ಎತ್ತುತ್ತಾರೆ. ಕೆಲವರು ಪಾಸಾಗುತ್ತಾರೆ, ಕೆಲವರು ಇಲ್ಲ. ಅದರಲ್ಲಿ ಬೆಲೆಯ ಮಾತಿಲ್ಲ.

ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ, ಪತ್ತಾರರು ಗಾಜು ಎತ್ತುತ್ತಾರೆ. ಅರಿಷಿಣ ಕುಂಕುಮವನ್ನು ನನ್ನಿಂದ ದೂರ, ಗಾಜಿಗೇ ಹಚ್ಚುತ್ತಾರೆ. ಬುದ್ಧಿ ಕಲಿತಿದ್ದಾರೆ. ಆಮೇಲೆ ಮೂರು ತಂತಿ ಸೇರಿಸಿ ಅಪ್ಪಣೆ ಕೊಡುತ್ತಾರೆ. ಬಲಕ್ಕೆ ಹೋಗೆಂದರೆ ಈಗ ಕಡಕ್ ಎಂದು ತಪ್ಪುತ್ತೇನೆ. ಎಡಕ್ಕೆ ಅಂದರೆ ಹೋಗುತ್ತೇನೆ. ಕೊನೆಗೆ, "ನಡುವೆ ಬಾ" ಎನ್ನುತ್ತಾರೆ. ಈಗ ಅವರ ಎರಡೂ ಕಣ್ಣು ಮಂಜು, ಐಗ್ಲಾಸು ಉಪಯೋಗಕ್ಕಿಲ್ಲ. ನನ್ನನ್ನು ಕಿವಿಗೆ ಹಿಡಿಯುತ್ತಾರೆ.

ನಾನು ನಡುವೆ ಬಂದು, ಸದ್ದಿಲ್ಲದೆ ನಿಲ್ಲುತ್ತೇನೆ.