ಒಂಬತ್ತು ತೂತಿನ ಅಂಗಿ

ಈಗಲೇ ಹೇಳಿಬಿಡುವುದೋ, ಇನ್ನೊಂದು ಗುಟುಕು ಚಹಾ ಕುಡಿದು ಹೇಳುವುದೋ? ಕಪ್ಪಿನ ತಳ ಕಂಡರೂ ಶಂಕ್ರಪ್ಪನಿಗೆ ಬಗೆಹರಿಯಲಿಲ್ಲ. ಎದುರಿಗೆ ಬಾಗಲಕೋಟೆಯ ಕ್ಯಾಸೆಟ್ ಅಂಗಡಿಯ ಚಮನಸಾಬ ಪೆನ್ನು ಹಿಡಿದು ಕೂತಿದ್ದ. ಕ್ಯಾಸೆಟ್ಟಿನ ಕವರಿಗೆ ಹಾಡು ಕಟ್ಟಿದವರ ಹೆಸರು ಬೇಕಿತ್ತು. ಪಕ್ಕದಲ್ಲಿ ಹೆಂಡತಿ ಶಿವಲಿಂಗವ್ವ ಚುರುಮುರಿ ಮೆಲ್ಲುತ್ತಿದ್ದಳು.

ಹಾಡು ಅವಳದು.

ಇಳಕಲ್ಲಿನಲ್ಲಿ ಶಂಕ್ರಪ್ಪ ಊರ ಹೆಂಗಸರಿಗೆಲ್ಲ ಸೀರೆ ನೇಯುವವನು. ತಾನು ಮಾತ್ರ ಮಗ್ಗಕ್ಕೆ ಕೂರುವುದು ಹರಕು ಅಂಗಿಯಲ್ಲಿ. ಹೊಸದು ತಂದರೆ ಟ್ರಂಕು ಸೇರುತ್ತಿತ್ತು. ಬೇಸತ್ತ ಶಿವಲಿಂಗವ್ವ ಒಂದು ಮುಂಜಾನೆ ಆ ಹರಕನ್ನು ಒಗೆಯುವ ಕಲ್ಲಿಗೆ ಬಡಿಯುತ್ತ, ಇಡೀ ಓಣಿಗೆ ಕೇಳುವಂತೆ ಹಾಡಿದಳು:

ಒಂಬತ್ತು ತೂತಿನ ಅಂಗಿ
ಒಗದರ ಹರಿತೈತಿ, ಬಿಟ್ಟರ ನಾರತೈತಿ
ಎಂದ ಬಿಡತಿಯೋ ಇದರ ಹಂಗ?

ಎಣಿಸಿದರೆ ತೂತು ಹನ್ನೊಂದಿದ್ದವು. ಗಂಡನ ಮಾನಕ್ಕೆಂದು ಎರಡು ಬಿಟ್ಟಿದ್ದಳು.

ಓಣಿ ನಕ್ಕಿತು. ಧಾಟಿ ಮಾತ್ರ ಶಂಕ್ರಪ್ಪನ ಬಾಯಿಗೆ ಹತ್ತಿತು. ಸೋಮವಾರದ ಭಜನೆಯಲ್ಲಿ ಏಕತಾರಿ ಹಿಡಿದು ಎಳೆದೆಳೆದು ಹಾಡಿದ. ಇಬ್ಬರು ಮುದುಕರು ಅತ್ತರು. ಹುನಗುಂದದವರು ಕರೆದರು, ಕಮತಗಿಯವರು ಕರೆದರು, ಕಡೆಗೆ ಚಮನಸಾಬನೂ ಕರೆದ. ಇವತ್ತು ಬೆಳಿಗ್ಗೆ ಬರುವಾಗ ಬಸ್ಸಿನಲ್ಲಿ ಶಿವಲಿಂಗವ್ವ ಒಂದೇ ಮಾತು ಹೇಳಿದ್ದಳು: “ನನ್ನ ಹೆಸರು ಅಚ್ಚಾಗಿದ್ದು ಒಮ್ಮೆ, ಲಗ್ನಪತ್ರಿಕಿಯೊಳಗ. ಅದೂ ಶಿವಲಿಂಗಪ್ಪ ಅಂತ. ಈ ಸಲ ನೀಟಾಗಿ ಬರಸ್ರಿ.”

ಈಗ ಚಮನಸಾಬ ಕಣ್ಣು ಮುಚ್ಚಿ ತಲೆದೂಗಿದ. “ಒಂಬತ್ತು ತೂತಂದ್ರ ನವದ್ವಾರ. ಅಂಗಿ ಅಂದ್ರ ದೇಹ. ಎಷ್ಟು ದಿನದ ತಪಸ್ಸರಿ ಇದು?”

“ಮೂರು ವರ್ಷದ್ದರಿ,” ಅಂದಳು ಶಿವಲಿಂಗವ್ವ. “ಮೈಮ್ಯಾಲಿಂದ ತಗಿರಿ ತಗಿರಿ ಅಂತ ಬಡಕೊಂಡೆ. ತಗೀಲಿಲ್ಲ.”

“ದೇಹ ತಗಿಯೋದು ಅಷ್ಟು ಹಗುರೇನ್ರಿ ಅಕ್ಕಾರ?” ಎಂದ ಚಮನಸಾಬ. ಆಮೇಲೆ ಶಂಕ್ರಪ್ಪನ ಕಡೆ ತಿರುಗಿ ಕೈ ಮುಗಿದ. “ಕಟ್ಟಿದವರ ಹೆಸರು ಹೇಳ್ರಿ, ಗುರುಗಳ.”

ಹುಟ್ಟಿದಾಗಿನಿಂದ ಶಂಕ್ರಪ್ಪನನ್ನು ಯಾರೂ ಗುರುಗಳೇ ಅಂದಿರಲಿಲ್ಲ. ನೂಲು ಕೊಡುವ ಸಾಹುಕಾರರಂತೂ ‘ಲೇ’ ಬಿಟ್ಟು ಕರೆದವರಲ್ಲ. ಅವನು ಬಾಯಿ ತೆರೆದ. ಶಿವಲಿಂಗವ್ವ ಮೆಲ್ಲುವುದನ್ನು ನಿಲ್ಲಿಸಿದಳು.

“ಶಂಕ್ರಪ್ಪ,” ಎಂದ. ಒಂದು ಕ್ಷಣ ಬಿಟ್ಟು, “ಶರಣ ಶಂಕ್ರಪ್ಪ,” ಎಂದ.

ಶಿವಲಿಂಗವ್ವ ಚುರುಮುರಿಯ ಪೊಟ್ಟಣ ಮಡಚಿದಳು. “ಅಂಗಿ ಅವರದ ಐತ್ರಿ,” ಎಂದಳು ಚಮನಸಾಬನಿಗೆ. “ಹಾಡೂ ಅವರದ ಇರ್ಲಿ, ಬರಕೋರಿ.”

ಕ್ಯಾಸೆಟ್ಟು ಓಡಿತು. ಬಸ್‌ಸ್ಟ್ಯಾಂಡಿನಲ್ಲಿ, ಹೋಟೆಲಿನಲ್ಲಿ, ಟ್ರ್ಯಾಕ್ಟರಿನಲ್ಲಿ ಅದೇ ಹಾಡು. ಸತ್ತವರ ಮನೆಯ ಭಜನೆಗೂ ಅದೇ. ಬನಶಂಕರಿ ಜಾತ್ರೆಯಲ್ಲಿ ಒಬ್ಬ ಮುದುಕಿ ಅವನ ಕಾಲಿಗೆ ಬಿದ್ದಳು. ಅವನು ಆಶೀರ್ವಾದವನ್ನೂ ಮಾಡಿದ. ಶಿವಲಿಂಗವ್ವ ಮಾತ್ರ ಆಮೇಲೆ ಹಾಡು ಕಟ್ಟಲಿಲ್ಲ. ಬಯ್ಯಲೂ ಇಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಹಾಡು ಅವಳದೆಂದು ಓಣಿಗೆ ಗೊತ್ತಿತ್ತು. ಶಂಕ್ರಪ್ಪ ಮಾತ್ರ ಹೊರಗಿನವರಿಗೆ ಹೇಳಲಿಲ್ಲ, ಅವಳೆದುರಿಗೂ ಒಪ್ಪಿಕೊಳ್ಳಲಿಲ್ಲ.